ಕ್ಯಾಸನೂರಿನ ಜ್ವರ ಮತ್ತು ಅದರ ಹೆಸರು

ಶಿವಮೊಗ್ಗೆ ಜಿಲ್ಲೆಯ ಸೊರಬ ತಾಲ್ಲೂಕಿನಲ್ಲಿ ಕ್ಯಾಸನೂರು ಎಂಬುದೊಂದು ಸಣ್ಣ ಗ್ರಾಮವುಂಟು. ಜಗತ್ತಿನ ವೈದ್ಯಗ್ರಂಥಗಳಲ್ಲಿ ಈ ಊರಿನ ಹೆಸರು ಅಚ್ಚಾಗಿರುವುದಕ್ಕೆ ಕಾರಣವು ಊರಲ್ಲ, ಊರಿಗೆ ಸೇರಿದ ಕಾಡು. ೧೯೫೭ರಲ್ಲಿ ಆ ಕಾಡಿನ ಮಗ್ಗುಲಲ್ಲಿ ತೋರಿಬಂದ ಮಾರಕವಾದ ಜ್ವರವೊಂದಕ್ಕೆ ವಿದ್ವಾಂಸರು ಕ್ಯಾಸನೂರು ಅರಣ್ಯ ರೋಗವೆಂದು ಹೆಸರಿಟ್ಟರು. ಮಲೆನಾಡಿನ ಜನರಾದರೋ ಅದನ್ನು ಮಂಗನ ಕಾಯಿಲೆಯೆಂದು ಕರೆದರು. ಈಗಲೂ ಹಾಗೆಯೇ ಕರೆಯುತ್ತಿರುವರು. ಒಂದು ಹೆಸರು ಸ್ಥಳವನ್ನು ಹೇಳುತ್ತದೆ, ಇನ್ನೊಂದು ಪ್ರಾಣಿಯನ್ನು ಹೇಳುತ್ತದೆ. ರೋಗವನ್ನು ಮನುಷ್ಯನ ಮೈಗೆ ತಂದು ಮುಟ್ಟಿಸುವ ಜಂತುವಿನ ಹೆಸರು ಈ ಎರಡರಲ್ಲಿಯೂ ಇಲ್ಲ. ಅರುವತ್ತು ವರ್ಷಗಳಿಗೆ ಮಿಕ್ಕ ಈ ರೋಗದ ಚರಿತ್ರೆಯನ್ನು ಪರಿಶೀಲಿಸಿ, ಮಂಗನ ಮೇಲೆ ಹೊರಿಸಿದ ಹೆಸರು ಎಷ್ಟರಮಟ್ಟಿಗೆ ನ್ಯಾಯವಾದುದೆಂಬುದನ್ನು ವಿಚಾರಮಾಡುವುದು ಈ ಲೇಖನದ ಉದ್ದೇಶ. ಇದು ಬರಿಯ ಶಬ್ದಚರ್ಚೆಯಲ್ಲ. ಯಾರನ್ನು ಅಪರಾಧಿಯೆಂದು ಎಣಿಸುತ್ತೇವೆಯೋ ಅವರ ಕಡೆಗೇ ನಮ್ಮ ಎಚ್ಚರಿಕೆಯೂ ತಿರುಗುತ್ತದೆ. ಅದು ಸಲ್ಲದ ಕಡೆಗೆ ತಿರುಗಿದರೆ ಬೆಲೆ ತೆರುವವರು ಸೌದೆಗೂ ದರಕಿಗೂ ಕಾಡಿಗೆ ಹೋಗುವ ಬಡವರು.

೧೯೫೭ರ ಮಾರ್ಚ್ ತಿಂಗಳ ಸುಮಾರಿಗೆ ಕ್ಯಾಸನೂರಿನ ಕಾಡಿನಲ್ಲಿಯೂ ಅದರ ಸುತ್ತಮುತ್ತಲೂ ಮಂಗಗಳು ಸತ್ತು ಬೀಳುತ್ತಿರುವ ಸಂಗತಿ ಆರೋಗ್ಯಾಧಿಕಾರಿಗಳ ಕಿವಿಗೆ ಬಿದ್ದಿತು. ಅದೇ ಕಾಲದಲ್ಲಿ ಕಾಡಂಚಿನ ಹಳ್ಳಿಗರಲ್ಲಿ ಒಂದು ಘೋರವಾದ ಜ್ವರವು ಕಾಣಿಸಿಕೊಂಡಿದ್ದಿತು. ಇದ್ದಕ್ಕಿದ್ದಂತೆ ಚಳಿಯೊಡನೆ ಜ್ವರವೇರುವುದು, ಹಣೆ ಸೀಳಿಹೋಗುವಂತಹ ತಲೆನೋವು, ಸೊಂಟದಲ್ಲಿಯೂ ಮೀನಖಂಡಗಳಲ್ಲಿಯೂ ತಡೆಯಲಾರದ ನೋವು, ಕೆಂಪೇರಿದ ಕಣ್ಣು, ಏಳಲಾರದ ನಿತ್ರಾಣ. ಕೆಲವರಲ್ಲಿ ಮೂಗು ವಸಡುಗಳಿಂದ ರಕ್ತ ಒಸರುವುದು, ಮತ್ತೆ ಕೆಲವರಲ್ಲಿ ಜ್ವರವು ಬಿಟ್ಟು ಒಂದೆರಡು ವಾರಗಳ ಮೇಲೆ ಮರಳಿ ಬಂದು ಮಿದುಳನ್ನು ಹಿಡಿಯುವುದು: ಇವು ಅದರ ಲಕ್ಷಣಗಳು. ಆ ವರ್ಷದಲ್ಲಿ ೪೬೬ ಮಂದಿಯೂ ಮರುವರ್ಷದಲ್ಲಿ ೧೮೧ ಮಂದಿಯೂ ಈ ಜ್ವರಕ್ಕೆ ಸಿಕ್ಕಿದರೆಂದು ಲೆಕ್ಕವಿದೆ. ಊರಿನವರು ಎರಡು ಸಾವುಗಳನ್ನು ಒಟ್ಟಿಗೆ ಕಂಡರು. ಮರದ ಮೇಲಿನದನ್ನು ಮೊದಲು, ಮನೆಯೊಳಗಿನದನ್ನು ಬಳಿಕ. ಮೊದಲಿನದು ಎರಡನೆಯದಕ್ಕೆ ಕಾರಣವೆಂದು ಅವರು ಊಹಿಸಿದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಪಂಡಿತರ ಊಹೆಯೂ ಮೊದಲು ಮಂಗನ ಹಾದಿಯನ್ನೇ ಹಿಡಿದಿದ್ದಿತು. ಮಂಗಗಳೂ ಮನುಷ್ಯರೂ ಒಟ್ಟಿಗೆ ಸಾಯುವ ರೋಗವೆಂದರೆ ಆ ಕಾಲದ ವೈದ್ಯರ ಮನಸ್ಸಿಗೆ ಒಡನೆ ಬರುತ್ತಿದ್ದುದು ದಕ್ಷಿಣ ಅಮೆರಿಕ ಆಫ್ರಿಕ ಖಂಡಗಳ ಹಳದಿ ಜ್ವರ. ಅದನ್ನು ಹರಡಬಲ್ಲ ಸೊಳ್ಳೆ ನಮ್ಮ ದೇಶದಲ್ಲಿ ಬೇಕಾದಷ್ಟಿದ್ದರೂ ಆ ರೋಗವು ಇಲ್ಲಿಗೆ ಎಂದೂ ಕಾಲಿಟ್ಟಿರಲಿಲ್ಲ. ಈಗ ಬಂದಿತೆಂದರೆ ಕೋಟ್ಯಂತರ ಜನರ ಗತಿಯೇನೆಂಬ ಭೀತಿ ಹುಟ್ಟಿತು. ಪುಣೆಯಲ್ಲಿ ೧೯೫೨ರಲ್ಲಿ ಸ್ಥಾಪಿತವಾಗಿದ್ದ ವೈರಸ್ ಸಂಶೋಧನ ಕೇಂದ್ರದಿಂದ ಟೆಲ್ಫರ್ಡ್ ವರ್ಕ್, ಹೆರಾಲ್ಡ್ ಟ್ರಪೀಡೊ ಮೊದಲಾದವರು ಭಾರತೀಯ ಸಹೋದ್ಯೋಗಿಗಳೊಡನೆ ಸೊರಬಕ್ಕೆ ಧಾವಿಸಿದರು. ರೋಗಿಗಳ ರಕ್ತದಿಂದಲೂ ಮಂಗಗಳಿಂದಲೂ ಅವರು ವಿಷಾಣುವನ್ನು ಬೇರ್ಪಡಿಸಿ ನೋಡಿದಾಗ ಅದು ಹಳದಿ ಜ್ವರದ್ದಲ್ಲವೆಂದು ಗೊತ್ತಾಯಿತು. ಸಮಾಧಾನಕ್ಕೆ ಹೆಚ್ಚು ಹೊತ್ತು ಉಳಿಯಲಿಲ್ಲ. ಅದರ ಹೋಲಿಕೆ ಸೋವಿಯೆಟ್ ದೇಶದ ಪೂರ್ವದಂಚಿನ ಕಾಡುಗಳಲ್ಲಿ ೧೯೩೭ರಲ್ಲಿ ಲೆವ್ ಜಿಲ್ಬೆರನ ತಂಡವು ಗುರುತಿಸಿದ್ದ ಮಿದುಳುರಿಯ ವಿಷಾಣುವಿಗೆ ಇದ್ದಿತು. ಅಲ್ಲಿ ಅದನ್ನು ಒಯ್ಯುವುದು ಸೊಳ್ಳೆಯಲ್ಲ, ಉಣುಗು. ಸೊರಬದ ಕಾಡಿನ ನೆಲವನ್ನು ಜಾಲಿಸಿ ಉಣುಗುಗಳನ್ನು ಹಿಡಿದು ಅರೆದು ಪರೀಕ್ಷಿಸಿದರು, ವಿಷಾಣುವು ಅವುಗಳಲ್ಲಿದ್ದಿತು.

ಉಣ್ಣಿ, ಉಣ್ಣೆ, ಉಣುಗು ಎಂದು ಸೀಮೆಯಿಂದ ಸೀಮೆಗೆ ಮಾರ್ಪಡುವ ಈ ಹೆಸರುಗಳಲ್ಲಿ ಉಣ್ಣುವ ಕ್ರಿಯೆಯೇ ಕೇಳಿಸುತ್ತದೆ. ವಾಡಿಕೆಯಲ್ಲಿ ಇದನ್ನು ಕೀಟವೆನ್ನುವುದುಂಟು. ಶಾಸ್ತ್ರದಲ್ಲಿ ಇದು ಜೇಡ ಚೇಳುಗಳ ಬಳಗಕ್ಕೆ ಸೇರಿದುದು. ಮೊಟ್ಟೆಯೊಡೆದಾಗ ಆರು ಕಾಲು, ಒಮ್ಮೆ ರಕ್ತವುಂಡು ಪೊರೆ ಕಳಚಿದ ಮೇಲೆ ಎಂಟು ಕಾಲು. ನಮ್ಮ ಹಿಂದಿನವರಿಗೆ ಇದರ ಪರಿಚಯವು ಕೊಟ್ಟಿಗೆಯಲ್ಲಿಯೇ ಆಗಿದ್ದಿತು. ಕೆಚ್ಚಲನ್ನು ಕಚ್ಚಿಕೊಂಡಿದ್ದರೂ ಹಾಲಿನ ರುಚಿಯನ್ನರಿಯದೆ ರಕ್ತವನ್ನೇ ಹೀರುವ ಉಣ್ಣೆಯು ಒಳ್ಳೆಯವರ ನಡುವೆ ಇದ್ದೂ ಗುಣವನ್ನರಿಯದವನಿಗೆ ಉಪಮಾನವಾಗಿ ಬಂದಿದೆ. ಅದು ತೆಗೆದುಕೊಳ್ಳುವುದು ಅವರಿಗೆ ಗೊತ್ತಿದ್ದಿತು. ಕೊಡುವುದೇನೆಂಬುದು ಗೊತ್ತಾದುದು ತೀರ ಈಚೆಗೆ.

ಕಚ್ಚುವ ಜಂತುವೊಂದು ರೋಗವನ್ನು ಒಂದು ಮೈಯಿಂದ ಇನ್ನೊಂದು ಮೈಗೆ ಒಯ್ಯುವುದೆಂಬ ವಿಚಾರದ ಚರಿತ್ರೆಯಲ್ಲಿ ಸಾಮಾನ್ಯವಾಗಿ ಎಲ್ಲರೂ ಸ್ಮರಿಸುವುದು ೧೮೯೭ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯದ ಬೀಜವನ್ನು ಕಂಡ ರೊನಾಲ್ಡ್ ರಾಸನನ್ನು, ಮರುವರ್ಷ ಕರಾಚಿಯಲ್ಲಿ ಇಲಿಯ ಚಿಗಟವೇ ಪ್ಲೇಗಿನ ವಾಹಕವೆಂದು ತೋರಿಸಿದ ಸಿಮೊನನನ್ನು. ಅವರಿಬ್ಬರಿಗೂ ಮುಂಚೆ, ೧೮೯೩ರಲ್ಲಿಯೇ, ಅಮೆರಿಕದ ಥಿಯೊಬಾಲ್ಡ್ ಸ್ಮಿತ್ ಮತ್ತು ಕಿಲ್ಬೋರ್ನ್ ಎಂಬುವರು ದನಗಳ ಟೆಕ್ಸಾಸ್ ಜ್ವರವು ಉಣುಗಿನಿಂದ ಹರಡುವುದೆಂದು ಸಿದ್ಧಪಡಿಸಿದ್ದರು. ಟೆಕ್ಸಾಸಿನ ದನಗಳು ನಡೆದುಹೋದ ದಾರಿಯಲ್ಲೆಲ್ಲ ಉತ್ತರದ ದನಗಳು ಸಾಯುತ್ತಿದ್ದುವು. ಟೆಕ್ಸಾಸಿನವು ಮಾತ್ರ ಗಟ್ಟಿಮುಟ್ಟಾಗಿಯೇ ಇರುತ್ತಿದ್ದುವು. ದನಗಾಹಿಗಳು ಉಣುಗಿನ ಮೇಲೆ ಬಹುಕಾಲದಿಂದ ಸಂಶಯಪಟ್ಟಿದ್ದರು, ವಿದ್ವಾಂಸರು ನಕ್ಕಿದ್ದರು. ಮಲೆನಾಡಿನ ವಿಚಾರಕ್ಕೆ ಈ ದೃಷ್ಟಾಂತವು ಎರಡು ಬಗೆಯಲ್ಲಿ ಹತ್ತಿರವಾದುದು: ರೋಗವನ್ನು ನಡೆಸುವ ಪ್ರಾಣಿಯು ಆರೋಗ್ಯವಾಗಿಯೇ ಕಾಣಬಹುದು, ಮತ್ತು ಸತ್ತ ಪ್ರಾಣಿಯೇ ರೋಗದ ಮೂಲವಾಗಿರಬೇಕಾಗಿಲ್ಲ.

ರಷ್ಯದ ವಿಷಾಣುವಿನ ಬಂಧು ಸೊರಬಕ್ಕೆ ಬಂದುದು ಹೇಗೆ? ಚಳಿಗಾಲದಲ್ಲಿ ಉತ್ತರದಿಂದ ವಲಸೆ ಬರುವ ಹಕ್ಕಿಗಳು ತಮ್ಮ ಮೈಯ ಉಣುಗುಗಳೊಡನೆ ಅದನ್ನು ತಂದಿರಬಹುದೆಂಬ ಊಹೆ ಹುಟ್ಟಿತು. ಇದನ್ನು ಪರೀಕ್ಷಿಸುವುದು ಕೂಡ ಉದ್ದೇಶಗಳಲ್ಲೊಂದಾಗಿ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿಯವರ ಮುಂದಾಳುತನದಲ್ಲಿ ಮುಂಬಯಿಯ ಪ್ರಕೃತಿ ಚರಿತ್ರ ಸಂಘವು ೧೯೫೯ರಲ್ಲಿ ಹಕ್ಕಿಗಳನ್ನು ಹಿಡಿದು ಕಾಲಿಗೆ ಉಂಗುರ ತೊಡಿಸಿ ಬಿಡುವ ದೊಡ್ಡ ಕಾರ್ಯವನ್ನು ಆರಂಭಿಸಿತು. ಹಕ್ಕಿಗಳ ಮೇಲಿನ ಆರೋಪವು ಸಿದ್ಧವಾಗಲಿಲ್ಲ. ಆದರೆ ನಮ್ಮ ದೇಶದ ವಲಸೆ ಹಕ್ಕಿಗಳ ವಿಷಯವಾಗಿ ಇಂದು ತಿಳಿದಿರುವುದರಲ್ಲಿ ಬಹುಭಾಗಕ್ಕೆ ಆ ಸುಳ್ಳು ಆರೋಪವೇ ಕಾರಣವಾಯಿತು. ಮುಂದೆ ೧೯೯೦ರ ದಶಕದಲ್ಲಿ ಸೌದಿ ಅರೇಬಿಯದಲ್ಲಿ ಗುರುತಿಸಲ್ಪಟ್ಟ ಅಲ್ಖುರ್ಮ ವಿಷಾಣುವೇ ಕ್ಯಾಸನೂರಿನದಕ್ಕೆ ಅತ್ಯಂತ ಸಮೀಪದ ಬಂಧುವೆಂದು ಗೊತ್ತಾದ ಮೇಲೆ ಸೈಬೀರಿಯದ ದಾರಿಯು ಇನ್ನಷ್ಟು ಮಸುಕಾಯಿತು. ನಮ್ಮ ಅಭಿಪ್ರಾಯದಲ್ಲಿ ಈ ವಿಷಾಣುವು ೧೯೫೭ರಲ್ಲಿ ಬಂದುದಲ್ಲ. ಕಾಡಿನೊಳಗೆ ಇಲಿ, ಮೂಗಿಲಿ, ಅಳಿಲುಗಳ ಮತ್ತು ಅವುಗಳ ಉಣುಗುಗಳ ನಡುವೆ ಸದ್ದಿಲ್ಲದೆ ತಿರುಗುತ್ತಿದ್ದುದು ಆ ವರ್ಷ ಮನುಷ್ಯರ ಕಣ್ಣಿಗೆ ಬಿದ್ದಿತು. ಹಾಗಾದರೆ ಕೇಳಬೇಕಾದ ಪ್ರಶ್ನೆಯು ಎಲ್ಲಿಂದ ಬಂದಿತೆಂಬುದಲ್ಲ, ಆಗಲೇ ಏಕೆ ಹೊರಬಿದ್ದಿತೆಂಬುದು.

ಇದಕ್ಕೆ ಉತ್ತರ ಹುಡುಕಿದವರಲ್ಲಿ ಮುಖ್ಯನಾದವನು ಹೋರ್ಹೆ ಬೊಷೆಲ್. ಈತನು ಕೊಲಂಬಿಯ ದೇಶದವನು. ಅಲ್ಲಿನ ದಟ್ಟ ಕಾಡುಗಳಲ್ಲಿ ಮರದ ನೆತ್ತಿಯಲ್ಲಿರುವ ಸೊಳ್ಳೆಗಳು ಮರವನ್ನು ಕಡಿದಾಗ ನೆಲಕ್ಕೆ ಬಂದು ಕಡಿಯುವವರನ್ನು ಕಚ್ಚುವುದನ್ನೂ, ಕಾಡಿನ ಹಳದಿ ಜ್ವರವು ಹಾಗೆ ಮನುಷ್ಯನಿಗೆ ಇಳಿಯುವುದನ್ನೂ ಕಂಡಿದ್ದವನು. ಪುಣೆಯ ಕೇಂದ್ರಕ್ಕೆ ಬಂದು ಸಾಗರ ಸೊರಬಗಳ ಕಾಡುಗಳಲ್ಲಿ ತಿರುಗಿದ ಮೇಲೆ ೧೯೬೯ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅವನು ಮಂಗನಿಗಿಂತ ಹೆಚ್ಚಾಗಿ ಮಾತನಾಡಿದುದು ಮನುಷ್ಯನನ್ನೂ ದನವನ್ನೂ ಕುರಿತು.

ಅವನ ವಾದವನ್ನು ತಿಳಿಯಬೇಕಾದರೆ ಈ ಸೀಮೆಯ ಪೂರ್ವಸ್ಥಿತಿಯನ್ನು ಸ್ವಲ್ಪ ನೋಡಬೇಕು. ಸೊರಬದ ಸೀಮೆಯು ಕಾನುಗಳಿಗೆ ಹೆಸರಾದುದು. ಗದ್ದೆ ಬಯಲುಗಳ ನಡುವೆ ದ್ವೀಪಗಳಂತೆ ನಿಂತ, ಸೂರ್ಯನ ಬೆಳಕು ನೆಲಕ್ಕಿಳಿಯದ ನಿತ್ಯಹಸುರಿನ ಈ ತೋಪುಗಳಲ್ಲಿ ಮೆಣಸಿನ ಬಳ್ಳಿ, ಬಗನಿ ಮರ, ನೀರಿನ ಒರತೆ, ದೇವರ ಬನ ಎಲ್ಲವೂ ಸೇರಿದ್ದುವು. ೧೮೬೮ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬದ ಕಾನುಗಳನ್ನೇ ಕುರಿತು ಪ್ರತ್ಯೇಕವಾದ ವರದಿಯೊಂದನ್ನು ಬರೆಯಬೇಕಾಯಿತೆಂಬುದರಿಂದ ಅವುಗಳ ಮಹತ್ವವನ್ನು ಊಹಿಸಬಹುದು. ಕಾನುಗಳು ಉಳಿದುದಕ್ಕೆ ಜನರ ಭಕ್ತಿಯೊಂದೇ ಕಾರಣವಲ್ಲ. ಮಲೆನಾಡಿನ ಚಳಿಜ್ವರವೂ ಒಂದು ಕಾರಣ. ತೋಟದ ಕಾಲುವೆಗಳಲ್ಲಿಯೂ ಹಳ್ಳಗಳಲ್ಲಿಯೂ ಹರಿವ ನೀರಿನಲ್ಲಿ ಬೆಳೆಯುವ ಸೊಳ್ಳೆಯಿಂದ ಹಬ್ಬುತ್ತಿದ್ದ ಮಲೇರಿಯವು ಜನಸಂಖ್ಯೆಯನ್ನು ಎಷ್ಟು ಅರೆದುಹಾಕಿದ್ದಿತೆಂದರೆ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ಮಲೆನಾಡಿನ ಸುಧಾರಣೆಯೆಂಬುದೇ ಸರ್ಕಾರದ ಒಂದು ಚಿಂತೆಯಾಗಿ ಪರಿಣಮಿಸಿದ್ದಿತು. ಒಂದು ಜಂತುವಿನ ಕಡಿತವು ಜನರನ್ನು ಕಾಡಿನಿಂದ ದೂರವಿಟ್ಟಿದ್ದಿತು.

ಆ ಬೇಲಿಯು ಮುರಿದುದು ಡಿ.ಡಿ.ಟಿ.ಯಿಂದ. ೧೯೪೬ರ ಹೊತ್ತಿಗೆ ನೆರೆಯ ಉತ್ತರ ಕನ್ನಡ ಧಾರವಾಡ ಜಿಲ್ಲೆಗಳಲ್ಲಿ ಡಿ. ಕೆ. ವಿಶ್ವನಾಥನ್ ಅವರು ಮನೆಗಳ ಒಳಗೋಡೆಗೆ ಈ ಮದ್ದನ್ನು ಸಿಂಪಡಿಸುವ ಏರ್ಪಾಟನ್ನು ಆರಂಭಿಸಿದರು. ೧೯೫೩ರಿಂದ ಅದು ರಾಷ್ಟ್ರೀಯ ಕಾರ್ಯವಾಯಿತು. ಅದರ ಉಪಕಾರವನ್ನು ಎಷ್ಟು ಹೊಗಳಿದರೂ ಕಡಮೆಯೇ. ಶತಮಾನಗಳ ಜ್ವರವು ಕೆಲವೇ ವರ್ಷಗಳಲ್ಲಿ ಇಳಿಯಿತು, ಕೂಸುಗಳು ಬದುಕಿದುವು, ಪಾಳುಬಿದ್ದ ಊರುಗಳಲ್ಲಿ ಒಲೆ ಹೊತ್ತಿತು, ಹೊರಗಿನಿಂದ ಜನ ಬಂದು ನೆಲೆಸಿದರು. ಜನ ಹೆಚ್ಚಿದಂತೆ ಗದ್ದೆಯೂ ಹೆಚ್ಚಿತು, ದನವೂ ಹೆಚ್ಚಿತು, ಕಾಡು ಹಿಮ್ಮೆಟ್ಟಿತು. ಕಡಿದ ಕಾಡಿನ ಅಂಚಿನಲ್ಲಿ ಲಂಟಾನದ ಪೊದೆ ಹಬ್ಬಿ, ಇಲಿ ಹೆಗ್ಗಣಗಳಿಗೂ ಉಣುಗಿಗೂ ನೆರಳಾಯಿತು.

ಈಗ ದನದ ವಿಷಯ. ಕ್ಯಾಸನೂರಿನ ಜ್ವರಕ್ಕೆ ಮುಖ್ಯ ವಾಹಕವಾದ ಉಣುಗಿನ ಶಾಸ್ತ್ರೀಯ ನಾಮವು ಹೀಮಾಫೈಸಾಲಿಸ್ ಸ್ಪಿನಿಜೆರ. ಇದರ ಬಾಳು ಮೂರು ಊಟಗಳಲ್ಲಿ ಮುಗಿಯುತ್ತದೆ. ಮುಂಗಾರು ಹಿಡಿದ ಮೇಲೆ ಬಲಿತ ಉಣುಗು ದೊಡ್ಡ ಪ್ರಾಣಿಯ ಮೈಯನ್ನು ಹತ್ತಿ ರಕ್ತ ಕುಡಿಯುತ್ತದೆ. ಹೆಣ್ಣು ತುಂಬಿ ಉದುರಿ ಎಲೆಗಸದಲ್ಲಿ ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಮಳೆ ತೀರಿದ ಮೇಲೆ ಹೊರಡುವ ಆರು ಕಾಲಿನ ಮರಿಗಳು ಇಲಿ, ಹಕ್ಕಿ, ಮಂಗ ಮುಂತಾದುವನ್ನು ಹಿಡಿಯುತ್ತವೆ. ಅವು ಪೊರೆ ಕಳಚಿ ಎಂಟು ಕಾಲಿನ ಎಳೆಯ ಉಣುಗುಗಳಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ ಹುಲ್ಲು ತರಗುಗಳ ತುದಿಯಲ್ಲಿ ಕಾದಿರುತ್ತವೆ. ಮನುಷ್ಯನನ್ನು ಕಚ್ಚುವುದು ಹೆಚ್ಚಾಗಿ ಈ ಎಳೆಯ ಉಣುಗೇ. ಎಳ್ಳಿಗಿಂತ ಸಣ್ಣದು, ಕಚ್ಚಿದುದೂ ತಿಳಿಯದು. ಮರಿಯಾಗಿದ್ದಾಗ ಹೀರಿದ ವಿಷಾಣುವು ಪೊರೆ ಕಳಚಿದ ಮೇಲೆಯೂ ಅದರ ಮೈಯಲ್ಲಿ ಉಳಿದಿರುತ್ತದೆ. ಅಡಕೆಯ ತೋಟಿಗರು ಗೊಬ್ಬರಕ್ಕೂ ಕೊಟ್ಟಿಗೆಯ ಹಾಸಿಗೂ ದರಕು ಗುಡಿಸುವುದು, ಕೂಲಿಗಳು ಸೌದೆ ತರುವುದು ಸರಿಯಾಗಿ ಇದೇ ತಿಂಗಳುಗಳಲ್ಲಿ.

ಹಿಂದೆ ಕಾಡಿನಲ್ಲಿ ಬಲಿತ ಉಣುಗಿಗೆ ಸಿಗುತ್ತಿದ್ದ ದೊಡ್ಡ ಪ್ರಾಣಿಗಳೆಂದರೆ ಕಾಟಿ, ಕಡವೆ ಮುಂತಾದುವು, ಅವು ಎಷ್ಟಿದ್ದಾವು? ಊರಿನ ನೂರಾರು ದನ ಎಮ್ಮೆಗಳು ದಿನವೂ ಕಾಡಂಚಿಗೆ ಮೇಯಲು ಹೋದಾಗ ಉಣುಗಿಗೆ ಅಕ್ಷಯವಾದ ಅನ್ನಛತ್ರವೇ ತೆರೆದಂತಾಯಿತು. ದನಕ್ಕೆ ಈ ಜ್ವರವು ಬಾರದು. ಅದರ ರಕ್ತದಲ್ಲಿ ವಿಷಾಣುವು ಇತರ ಉಣುಗುಗಳಿಗೆ ಸೋಂಕು ತಗಲಿಸುವಷ್ಟು ಬೆಳೆಯುವುದೂ ಇಲ್ಲ. ಟೆಕ್ಸಾಸಿನ ದನವು ರೋಗವನ್ನು ಹೊತ್ತು ನಡೆಯಿತು. ಮಲೆನಾಡಿನ ದನವು ರೋಗವನ್ನು ಹೊರದೆ, ರೋಗವನ್ನು ಹೊರುವವನನ್ನು ಸಾಕಿತು. ಈ ಕಥೆಯಲ್ಲಿ ಯಾರ ಕಣ್ಣಿಗೂ ಬೀಳದೆ ತಪ್ಪಿಸಿಕೊಂಡಿರುವ ಪಾತ್ರವೆಂದರೆ ದನವೇ. ಅದು ಸಾಯುವುದಿಲ್ಲವಾದುದರಿಂದ ಅದರ ಹೆಸರನ್ನು ಯಾರೂ ರೋಗಕ್ಕೆ ಇಡಲಿಲ್ಲ. ಗೋವಿನ ಮೇಲೆ ದೋಷಾರೋಪಣೆ ಮಾಡುವುದು ನಮ್ಮ ಉದ್ದೇಶವಲ್ಲ. ಅದನ್ನು ಕಾಡಿಗೆ ಅಟ್ಟಿದವನು ಮನುಷ್ಯ, ಅವನಿಗೆ ಬೇರೆ ಹುಲ್ಲುಗಾವಲನ್ನು ಉಳಿಸದಿದ್ದವರೂ ಮನುಷ್ಯರೇ.

ಬೊಷೆಲನ ವಾದಕ್ಕೆ ಕಠೋರವಾದ ಸಾಕ್ಷ್ಯವು ದೊರೆತುದು ೧೯೮೨-೮೩ರಲ್ಲಿ, ಶಿವಮೊಗ್ಗೆಯಿಂದ ದೂರದ ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ತಂಗಡಿ ತಾಲ್ಲೂಕಿನಲ್ಲಿ. ಪಟ್ರಮೆ ನಿಡ್ಲೆಗಳ ಕಡೆ ಗೋಡಂಬಿಯ ತೋಟಕ್ಕಾಗಿ ಕಾದಿಟ್ಟ ಅರಣ್ಯವನ್ನು ಬೋಳಾಗಿ ಕಡಿದ ಬೆನ್ನಿಗೇ ಮಂಗಗಳು ಸತ್ತುವು. ಬಳಿಕ ಸಾವಿರಕ್ಕೆ ಮಿಕ್ಕಿ ಜನ ಜ್ವರಕ್ಕೆ ಸಿಕ್ಕಿ, ನೂರಕ್ಕೆ ಮಿಕ್ಕಿ ಮಂದಿ ತೀರಿಕೊಂಡರು. ಈ ರೋಗದ ಚರಿತ್ರೆಯಲ್ಲಿ ಅಷ್ಟು ದೊಡ್ಡ ಹಾವಳಿ ಹಿಂದೆ ಆಗಿರಲಿಲ್ಲ. ಅಲ್ಲಿಯ ಜನರ ತಿಳಿವಳಿಕೆಯನ್ನು ಮಾರ್ಕ್ ನಿಕ್ಟರ್ ಎಂಬ ಮಾನವಶಾಸ್ತ್ರಜ್ಞನು ೧೯೮೭ರಲ್ಲಿ ಪ್ರಕಟಿಸಿದ ಲೇಖನದಲ್ಲಿ ವಿವರಿಸಿದ್ದಾನೆ. ಕಾಡನ್ನು ಕಡಿದುದರಿಂದ ನೆಲೆ ತಪ್ಪಿದ ಭೂತಗಳು ಮುನಿದುವೆಂದು ಹಳ್ಳಿಗರು ನಂಬಿದ್ದರು. ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವವರು ಒಂದು ಮಾತನ್ನು ಗಮನಿಸಬೇಕು. ಸೊರಬದವರು ಕಾರಣವನ್ನು ಮಂಗನಲ್ಲಿ ಕಂಡರು. ಬೆಳ್ತಂಗಡಿಯವರು ಅದನ್ನು ಕೊಡಲಿಯಲ್ಲಿ ಕಂಡರು. ಭೂತದ ಮಾತನ್ನು ಬಿಟ್ಟರೆ ಎರಡನೆಯವರ ನಿದಾನವು ಬೊಷೆಲನದೇ.

ಹಾಗೆಂದು ಮಂಗನು ಈ ವ್ಯವಹಾರದಲ್ಲಿ ತೀರ ನಿರ್ಲಿಪ್ತನೆಂದು ಹೇಳುವುದೂ ಸತ್ಯವಾಗದು. ಮಂಗವೆಂಬ ಮಾತಿನಲ್ಲಿಯೇ ಎರಡು ಜಾತಿಗಳು ಬೆರೆತಿವೆ: ಕೆಂಪು ಮೋರೆಯ ಕೋತಿ ಒಂದು, ಕರಿಮೋರೆಯ ಮುಸುವ ಇನ್ನೊಂದು. ಮೊದಲ ವರ್ಷಗಳಲ್ಲಿ ಸತ್ತುವುಗಳಲ್ಲಿ ಬಹುಪಾಲು ಮುಸುವಗಳೇ. ಜ್ವರ ಬಂದ ಮಂಗನ ರಕ್ತದಲ್ಲಿ ವಿಷಾಣುವು ವಿಪರೀತವಾಗಿ ಬೆಳೆಯುತ್ತದೆ. ಅದರ ಮೈಮೇಲಿನ ನೂರಾರು ಮರಿ ಉಣುಗುಗಳು ಒಮ್ಮೆಗೇ ಸೋಂಕನ್ನು ಹೀರುತ್ತವೆ. ಮಂಗನು ಸತ್ತು ಮೈ ತಣ್ಣಗಾದೊಡನೆ ಅವೆಲ್ಲ ಒಂದೇ ಜಾಗದಲ್ಲಿ ಉದುರುತ್ತವೆ. ಆದುದರಿಂದಲೇ ಮಂಗನು ಸತ್ತ ಸ್ಥಳದ ಸುತ್ತ ಮದ್ದು ಸಿಂಪಡಿಸುವುದನ್ನೂ, ಹೆಣವನ್ನು ಬರಿಗೈಯಿಂದ ಮುಟ್ಟದಿರುವುದನ್ನೂ ಆರೋಗ್ಯ ಇಲಾಖೆಯವರು ಒತ್ತಿ ಹೇಳುತ್ತಾರೆ. ಹನುಮಂತನ ಕುಲವೆಂಬ ಭಾವನೆಯಿಂದ ಸತ್ತ ಮಂಗನಿಗೆ ಸಂಸ್ಕಾರ ಮಾಡುವ ಪದ್ಧತಿಯಿರುವ ನಾಡಿನಲ್ಲಿ ಇದು ಸಣ್ಣ ಸಂಗತಿಯಲ್ಲ. ೨೦೧೨ರ ಕೊನೆಯಲ್ಲಿ ಬಂಡೀಪುರದ ಕಾಡಿನಲ್ಲಿ ಮಂಗಗಳು ಸತ್ತಾಗ ಜ್ವರಕ್ಕೆ ಗುರಿಯಾದವರು ಆ ಹೆಣಗಳನ್ನು ವಿಲೇವಾರಿ ಮಾಡಿದ ಅರಣ್ಯದ ಕೆಲಸಗಾರರೇ.

ಆದರೆ ಬದುಕಿರುವ ಮಂಗವು ಮನುಷ್ಯನಿಗೆ ಈ ರೋಗವನ್ನು ಮುಟ್ಟಿಸುವುದಿಲ್ಲ. ಮನುಷ್ಯನಿಂದ ಮನುಷ್ಯನಿಗೂ ಇದು ಹರಡದು. ಕಾಯಿಲೆಯ ಹೆಸರನ್ನು ಮಾತ್ರ ಕೇಳಿದವರು ಮಂಗನನ್ನು ಓಡಿಸಿದರೆ ಸಾಕೆಂದು ತಿಳಿದು ಉಣುಗಿನ ಕಡೆಗೆ ಬೆನ್ನು ತಿರುಗಿಸುವ ಅಪಾಯವಿದೆ. ಮಂಗಗಳನ್ನು ಅಟ್ಟಿದರೆ ಅವು ಸೋಂಕಿದ ಉಣುಗನ್ನು ಮತ್ತೊಂದು ಕಾಡಿಗೆ ಹೊತ್ತೊಯ್ಯಬಹುದು. ಅವು ಇಲ್ಲವಾದರೂ ಇಲಿ ಅಳಿಲುಗಳ ನಡುವೆ ವಿಷಾಣುವು ಇದ್ದೇ ಇರುತ್ತದೆ. ಆಗ ಅದು ಹತ್ತಿರ ಬಂದುದನ್ನು ಮುಂಗಡವಾಗಿ ತಿಳಿಸುವ ಗುರುತೇ ಇಲ್ಲದಂತಾಗುತ್ತದೆ. ೧೯೫೭ರಲ್ಲಿ ಮಂಗಗಳು ಸಾಯದೆ ಇದ್ದಿದ್ದರೆ ಸೊರಬದ ಜ್ವರವು ಯಾವುದೋ ಹೆಸರಿಲ್ಲದ ಮಲೆಜ್ವರವಾಗಿ ದಾಖಲೆಯಾಗಿ ಹೋಗುತ್ತಿದ್ದಿತೆಂದು ನಾವು ತಿಳಿಯುತ್ತೇವೆ.

ಮದ್ದಿನ ಚರಿತ್ರೆಯನ್ನು ಬೇಗ ಹೇಳಿ ಮುಗಿಸಬಹುದು, ಏಕೆಂದರೆ ಸಂತೋಷದಿಂದ ಹೇಳಬೇಕಾದುದು ಅದರಲ್ಲಿ ಕಡಮೆ. ರಷ್ಯದ ರೋಗಕ್ಕಾಗಿ ಸಿದ್ಧಪಡಿಸಿದ್ದ ಲಸಿಕೆಯನ್ನು ೧೯೫೦ರ ದಶಕದ ಕೊನೆಯಲ್ಲಿ ಇಲ್ಲಿ ಹಾಕಿ ನೋಡಿದರು, ಫಲಿಸಲಿಲ್ಲ. ಬಳಿಕ ಕೋಳಿಯ ಭ್ರೂಣದ ಕಣಗಳಲ್ಲಿ ಬೆಳೆಸಿ ಫಾರ್ಮಲಿನ್ನಿನಿಂದ ನಿರ್ಜೀವಗೊಳಿಸಿದ ಲಸಿಕೆಯು ನಮ್ಮಲ್ಲಿಯೇ ಸಿದ್ಧವಾಯಿತು. ೧೯೯೦ರಿಂದ ನಡೆದ ಪರೀಕ್ಷೆಗಳಲ್ಲಿ ಎರಡು ಸಲ ಹಾಕಿಸಿಕೊಂಡವರಲ್ಲಿ ನೂರಕ್ಕೆ ೯೩ರಷ್ಟು ರಕ್ಷಣೆ ಕಂಡಿತೆಂದಿದ್ದರೂ, ೨೦೦೫ರಿಂದ ೨೦೧೦ರವರೆಗಿನ ಲೆಕ್ಕದಲ್ಲಿ ಅದು ೬೨ಕ್ಕೆ ಇಳಿದಿದ್ದಿತು. ಚುಚ್ಚಿದಲ್ಲಿ ನೋವು ಹೆಚ್ಚು, ಮತ್ತೆ ಮತ್ತೆ ಹಾಕಿಸಿಕೊಳ್ಳಬೇಕಾದ ತೊಡಕು ಬೇರೆ. ಎರಡನೆಯ ಸಲಕ್ಕೆ ಜನ ಬರುತ್ತಿರಲಿಲ್ಲ. ೨೦೨೨ರಲ್ಲಿ ಅದರ ಬಳಕೆ ನಿಂತಿತು. ರೋಗಕ್ಕೆ ನಿರ್ದಿಷ್ಟವಾದ ಔಷಧವಿಲ್ಲ; ಕಾಡಿಗೆ ಹೋಗುವ ಮುನ್ನ ಕೈಕಾಲಿಗೆ ಸವರಿಕೊಳ್ಳುವ ಎಣ್ಣೆ, ಬಂದ ಮೇಲೆ ಬಿಸಿನೀರ ಸ್ನಾನ, ಮೈಯನ್ನು ತಡವಿ ಉಣುಗನ್ನು ಹುಡುಕಿ ತೆಗೆಯುವುದು, ಇಷ್ಟೇ ಕೈಯಲ್ಲಿರುವ ಉಪಾಯ. ೨೦೧೮ರ ಡಿಸೆಂಬರಿನಿಂದ ೨೦೧೯ರ ಬೇಸಗೆಯವರೆಗೆ ಸಾಗರ ತಾಲ್ಲೂಕಿನ ಅರಲಗೋಡಿನ ಸುತ್ತ ಜ್ವರವು ಹಲವರನ್ನು ಬಲಿತೆಗೆದುಕೊಂಡಾಗಲೂ ಮನೆಮನೆಗೆ ಹಂಚಿದುದು ಆ ಎಣ್ಣೆಯನ್ನೇ.

ಸುಮಾರು ಐವತ್ತು ವರ್ಷ ಕರ್ನಾಟಕದ ಎಲ್ಲೆಯೊಳಗೇ ಇದ್ದುದಾಗಿ ತೋರಿದ ಈ ರೋಗವು ೨೦೧೨ರಿಂದೀಚೆಗೆ ಸಹ್ಯಾದ್ರಿಯ ಉದ್ದಕ್ಕೂ ಕಾಣಿಸಿಕೊಂಡಿದೆ: ನೀಲಗಿರಿಯಲ್ಲಿ, ಕೇರಳದ ವಯನಾಡಿನಲ್ಲಿ, ಗೋವೆಯ ಸತ್ತರಿಯಲ್ಲಿ, ಮಹಾರಾಷ್ಟ್ರದ ಸಿಂಧುದುರ್ಗದಲ್ಲಿ. ವಯನಾಡಿನವರು ಅದನ್ನು ಕುರಂಗುಪನಿಯೆಂದೂ ಸಿಂಧುದುರ್ಗದವರು ಮಾಕಡತಾಪವೆಂದೂ ಕರೆಯುತ್ತಾರೆ. ಎರಡರ ಅರ್ಥವೂ ಮಂಗನ ಜ್ವರವೆಂದೇ.